ಊರಿನ ನಡುಭಾಗವನ್ನು ಹೊಸದಾಗಿ ಕಟ್ಟುವ ಮುನ್ನ

ಯಗಟಿ, ಕಡೂರು ತಾಲ್ಲೂಕಿನ ಬಯಲುಸೀಮೆಯ ಒಂದು ಹೋಬಳಿ ಕೇಂದ್ರ. ಇಂಥ ಊರಿಗೆ ಸುತ್ತಲಿನ ಹಳ್ಳಿಗಳವರು ಅಂಗಡಿಗೆ, ಕಛೇರಿಗೆ, ಶಾಲೆಗೆ, ಬಸ್ಸಿಗೆ ಬರುತ್ತಾರೆ. ಆದ್ದರಿಂದ ಅದರ ನಡುಭಾಗ ಅಲ್ಲಿ ವಾಸಿಸುವವರಿಗೆ ಮಾತ್ರ ಸೇರಿದ್ದಲ್ಲ. ಅದನ್ನೂ ಅಲ್ಲಿನ ಮನೆಗಳನ್ನೂ ಹೊಸದಾಗಿ ಕಟ್ಟಬೇಕಾದರೆ ಮೊದಲ ಕೆಲಸ ಯಾವುದು? ನಕ್ಷೆ ಬರೆಯುವುದಲ್ಲ, ಜನ ಹೇಗೆ ಬದುಕುತ್ತಾರೆಂದು ನೋಡುವುದು, ಕೇಳುವುದು, ಅಳೆಯುವುದು.

ಅಟ್ಟವಿಲ್ಲದ ಮನೆ

ತಿಪಟೂರು, ಅರಸೀಕೆರೆ, ಕಡೂರು ಭಾಗದ ತೆಂಗು ಬೆಳೆಗಾರರ ಮನೆಯ ಅಟ್ಟವನ್ನು ನೀವು ನೋಡಿರಬಹುದು. ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಲ್ಲಿ 8ರಿಂದ 12 ತಿಂಗಳು ಇಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿಯನ್ನು ಅಲುಗಾಡಿಸಿದರೆ ಕೊಬ್ಬರಿಯ ಸದ್ದು ಕೇಳಿಸುತ್ತದೆ. ಇದೇ ಉಂಡೆ ಕೊಬ್ಬರಿ. ಇದಕ್ಕೆ ನೆರಳು, ಗಾಳಿ, ಒಣ ಜಾಗ ಮೂರೂ ಬೇಕು. ಎಲ್ಲ ಕಡೆಗೂ ಒಂದೇ ಎಂಬಂತೆ ತಯಾರಾದ ನಕ್ಷೆಯಲ್ಲಿ ಅಟ್ಟವೇ ಇಲ್ಲದಿದ್ದರೆ, ಮನೆ ಗಟ್ಟಿಯಾಗಿದ್ದರೂ ಕುಟುಂಬದ ಆದಾಯಕ್ಕೆ ಜಾಗವಿರುವುದಿಲ್ಲ.

ಊರ ಮಣ್ಣಿನ ಗೋಡೆ

ಕಟ್ಟುವ ಸಾಮಗ್ರಿಯನ್ನೂ ಹೀಗೆಯೇ ಆರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಒತ್ತಿದ ಮಣ್ಣಿನ ಇಟ್ಟಿಗೆಯ ಬಗ್ಗೆ ಬಹಳ ಕೆಲಸ ಮಾಡಿತು. ಮಣ್ಣಿಗೆ ಬೇಕಾದಷ್ಟು ಮರಳು ಹಾಗೂ ಶೇಕಡ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಕೈಯಂತ್ರದಲ್ಲಿ ಒತ್ತುತ್ತಾರೆ. ಸುಮಾರು ಮೂರು ವಾರ ತೇವವಾಗಿಟ್ಟರೆ ಇಟ್ಟಿಗೆ ಗಟ್ಟಿಯಾಗುತ್ತದೆ. ಸುಡಬೇಕಾಗಿಲ್ಲ, ಸೌದೆ ಉಳಿಯುತ್ತದೆ. ಆದರೆ ಎಲ್ಲ ಮಣ್ಣೂ ಆಗುವುದಿಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಆದ್ದರಿಂದ ಮೊದಲು ಮಣ್ಣಿನ ಪರೀಕ್ಷೆ ಆಗಬೇಕು.

ಬೀದಿಯಲ್ಲಿ ಅಳತೆ

ಊರಿನ ನಡುಭಾಗಕ್ಕೂ ಇದೇ ಮಾತು. ಕಾಂಕ್ರೀಟ್ ಹಾಕಿದ ಬೀದಿ ಅಂದವಾಗಿ ಕಾಣಬಹುದು; ಇಳಿಜಾರು ತಪ್ಪಿದರೆ ಮಳೆನೀರು ಅಂಗಡಿಗೆ ನುಗ್ಗುತ್ತದೆ. ಒಂದು ಮರ ಕಡಿದರೆ ಸೊಪ್ಪು ಮಾರುವವರ ನೆರಳು ಹೋಗುತ್ತದೆ.

ಉಪಾಧ್ಯಾಯರೇ, ಈ ಸಮೀಕ್ಷೆಯನ್ನು ನಿಮ್ಮ ವಿದ್ಯಾರ್ಥಿಗಳಿಂದ ಮಾಡಿಸಿ. ಬಸ್ಸಿಗಾಗಿ ಕಾಯುವವರು ಎಲ್ಲಿ ನಿಲ್ಲುತ್ತಾರೆ? ಮಧ್ಯಾಹ್ನದ ನೆರಳು ಎಲ್ಲಿದೆ? ಮಳೆಯ ನಂತರ ನೀರು ಎಲ್ಲಿ ನಿಲ್ಲುತ್ತದೆ? ಗಾರೆ ಕೆಲಸದವರ ಬಳಿಯಿರುವ ಪಾರದರ್ಶಕ ನೀರಿನ ಕೊಳವೆಯಿಂದ ಇಳಿಜಾರನ್ನು ಅಳೆಯಬಹುದು. ಗಾಳಿಗುಳ್ಳೆಗಳಿಲ್ಲದಂತೆ ತುಂಬಿದ ನೀರು ಕೊಳವೆಯ ಎರಡೂ ತುದಿಗಳಲ್ಲಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆಂಬ ತತ್ವವೇ ಇದಕ್ಕೆ ಆಧಾರ. ಹೆಂಗಸರು, ವೃದ್ಧರು, ಅಂಗವಿಕಲರು, ಬೀದಿ ವ್ಯಾಪಾರಿಗಳು ಇವರೆಲ್ಲರ ಮಾತನ್ನೂ ಬರೆದುಕೊಳ್ಳಲಿ.

ಈ ಮಾಹಿತಿ ಪುಸ್ತಕದಲ್ಲೇ ಉಳಿಯಬಾರದು. 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಗೆ ಸ್ಥಾನ ಕೊಟ್ಟಿದೆ. ವಸತಿ ಯೋಜನೆಗಳ ಫಲಾನುಭವಿಗಳ ಆಯ್ಕೆಯೂ ಅಲ್ಲಿ ಚರ್ಚೆಗೆ ಬರುತ್ತದೆ. ಅಳತೆಯ ನಕ್ಷೆಯೊಂದಿಗೆ ಆ ಸಭೆಗೆ ಹೋಗಿ. ಕಟ್ಟಿದ ಮೇಲೆ ಒಡೆಯುವುದಕ್ಕಿಂತ ಕಟ್ಟುವ ಮೊದಲು ಕೇಳುವುದು ಅಗ್ಗ.