ಮಾಲ್ ಕೆಡವಿ ಪೇಟೆ ಕಟ್ಟಿದ ಊರು

ಮಾಲ್‌ಗಳಿಗೂ ವಯಸ್ಸಾಗುತ್ತದೆ. ನಮ್ಮ ರಾಜ್ಯಕ್ಕೆ ದೊಡ್ಡ ಮಾಲ್‌ಗಳು ಬಂದು ಸುಮಾರು ಎರಡು ದಶಕ ಕಳೆದಿದೆ. ಹಾಗಾಗಿ ಮಾಲ್ ಎಂದರೆ ನಮಗೆ ಇನ್ನೂ ಹೊಸತನದ ಗುರುತು. ಅಮೆರಿಕದಲ್ಲಿ ಮಾತ್ರ ಅದು ಅಜ್ಜನ ಕಾಲದ ವಸ್ತು. ಅಲ್ಲಿನ ಎಷ್ಟೋ ಹೊರವಲಯದ ಮಾಲ್‌ಗಳು ಈಗಾಗಲೇ ಬಾಗಿಲು ಹಾಕಿವೆ. ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯಾದ ನನಗೆ ಇದರಲ್ಲಿ ಮೂರು ಪ್ರಶ್ನೆಗಳು ಮುಖ್ಯವೆನಿಸಿದವು. ಅಷ್ಟು ದೊಡ್ಡ ಜಾಗ ಖಾಲಿಯಾದಾಗ ಅದನ್ನು ಏನು ಮಾಡುತ್ತಾರೆ? ಖರ್ಚು ಯಾರದು? ಲಾಭ ಯಾರಿಗೆ? ಕೊಲೊರಾಡೋ ರಾಜ್ಯದ ಡೆನ್ವರ್ ನಗರದ ಪಕ್ಕದಲ್ಲಿರುವ ಲೇಕ್‌ವುಡ್ ಎಂಬ ಊರಿನ ಕತೆಯಲ್ಲಿ ಈ ಮೂರಕ್ಕೂ ಉತ್ತರ ಸಿಗುತ್ತದೆ.

ಮಾಲ್ ಹುಟ್ಟಿದ್ದು ಹೇಗೆ?

ಸಂಪೂರ್ಣ ಮುಚ್ಚಿದ, ಹವಾನಿಯಂತ್ರಿತ ಮಾಲ್‌ನ ಜನಕ ಎಂದು ಕರೆಸಿಕೊಂಡವರು ವಿಕ್ಟರ್ ಗ್ರುಯೆನ್ ಎಂಬ ವಾಸ್ತುಶಿಲ್ಪಿ. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅವರು ಯಹೂದಿ. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದರು. ಅವರು ವಿನ್ಯಾಸ ಮಾಡಿದ ಸೌತ್‌ಡೇಲ್ ಸೆಂಟರ್ 1956ರಲ್ಲಿ ಮಿನಿಯಾಪೊಲಿಸ್ ಸಮೀಪದ ಇಡೈನಾದಲ್ಲಿ ಬಾಗಿಲು ತೆರೆಯಿತು.

ಗ್ರುಯೆನ್ ಬಯಸಿದ್ದು ಬರೀ ಅಂಗಡಿಗಳನ್ನಲ್ಲ. ಸುತ್ತಲೂ ಮನೆಗಳು, ಶಾಲೆ, ಆಸ್ಪತ್ರೆ, ಕೆರೆ, ಉದ್ಯಾನ ಇರಬೇಕು, ಜನ ನಡೆದು ಬರಬೇಕು ಎಂಬುದು ಅವರ ಯೋಜನೆಯಾಗಿತ್ತು. ಕಟ್ಟಿದವರು ಲಾಭದ ಭಾಗವಾದ ಅಂಗಡಿಗಳನ್ನು ಇಟ್ಟುಕೊಂಡರು. ಉಳಿದ ಕನಸು ಅವರು ಬಯಸಿದಂತೆ ಕೈಗೂಡಲಿಲ್ಲ. ಮಾಲ್‌ನ ಸುತ್ತ ಉಳಿದದ್ದು ಕಾರು ನಿಲ್ಲಿಸುವ ಬಯಲು. ಇದೇ ಮಾದರಿ ದೇಶದ ತುಂಬ ಹರಡಿತು. ಕೊನೆಗಾಲದಲ್ಲಿ ಗ್ರುಯೆನ್ ಅದನ್ನು ತನ್ನದೆಂದು ಒಪ್ಪಿಕೊಳ್ಳಲೂ ಸಿದ್ಧರಿರಲಿಲ್ಲ.

ಊರಿಗಿಂತ ಹಳೆಯ ಮಾಲ್

ಲೇಕ್‌ವುಡ್‌ನ ಮಾಲ್‌ನ ಹೆಸರು ವಿಲ್ಲಾ ಇಟಾಲಿಯಾ. ಅದು ಶುರುವಾದದ್ದು 1966ರಲ್ಲಿ. ಲೇಕ್‌ವುಡ್ ಅಧಿಕೃತವಾಗಿ ನಗರವಾದದ್ದು 1969ರಲ್ಲಿ. ಅಂದರೆ ಊರಿಗಿಂತ ಮಾಲ್ ಮೂರು ವರ್ಷ ದೊಡ್ಡದು! ಆ ಊರಿಗೆ ಹಳೆಯ ಪೇಟೆ ಬೀದಿ ಎಂಬುದೇ ಇರಲಿಲ್ಲ. ಜನ ಸೇರುವ ಜಾಗವೆಂದರೆ ವಿಲ್ಲಾ ಇಟಾಲಿಯಾವೇ.

ಅಲ್ಲಿನ ನಗರಾಡಳಿತಕ್ಕೂ ಈ ಮಾಲ್ ಬಹಳ ಮುಖ್ಯವಾಗಿತ್ತು. ನಮ್ಮಲ್ಲಿ ಜಿಎಸ್‌ಟಿ ಕೇಂದ್ರ ಮತ್ತು ರಾಜ್ಯಗಳ ಪಾಲಾಗುತ್ತದೆ. ಕೊಲೊರಾಡೋದ ನಗರಗಳು ಮಾರಾಟ ತೆರಿಗೆಯನ್ನು ತಾವೇ ವಿಧಿಸಬಹುದು. ರಸ್ತೆ, ಪೊಲೀಸ್, ಉದ್ಯಾನಗಳಿಗೆ ಬೇಕಾದ ಹಣದ ದೊಡ್ಡ ಪಾಲು ಅದರಿಂದಲೇ ಬರುತ್ತದೆ. ಮಾಲ್‌ನಲ್ಲಿ ವ್ಯಾಪಾರ ಇಳಿದರೆ ಬೀದಿದೀಪದ ಬಿಲ್ಲಿಗೂ ತೊಂದರೆ.

1990ರ ದಶಕದಲ್ಲಿ ವ್ಯಾಪಾರ ಇಳಿಯತೊಡಗಿತು. 1996ರಲ್ಲಿ ಡೆನ್ವರ್‌ನ ದಕ್ಷಿಣಕ್ಕೆ ಪಾರ್ಕ್ ಮೆಡೋಸ್, 2000ದಲ್ಲಿ ವಾಯವ್ಯಕ್ಕೆ ಫ್ಲಾಟ್‌ಐರನ್ ಕ್ರಾಸಿಂಗ್ ಎಂಬ ಹೊಸ ಮಾಲ್‌ಗಳು ಬಂದವು. ಇಂಥ ಮಾಲ್‌ಗಳಲ್ಲಿ ಒಂದೆರಡು ದೊಡ್ಡ ಮಳಿಗೆಗಳ ಹೆಸರಿಗೆ ಗ್ರಾಹಕರು ಬರುತ್ತಾರೆ, ಸಣ್ಣ ಅಂಗಡಿಗಳು ಆ ಜನರನ್ನು ನಂಬಿ ಬದುಕುತ್ತವೆ. ವಿಲ್ಲಾ ಇಟಾಲಿಯಾದ ದೊಡ್ಡ ಮಳಿಗೆಗಳಲ್ಲಿ ಒಂದಾದ ಮಾಂಟ್‌ಗಮರಿ ವಾರ್ಡ್ 2000ದ ಡಿಸೆಂಬರ್‌ನಲ್ಲಿ ದೇಶಾದ್ಯಂತ ತನ್ನ ಅಂಗಡಿಗಳನ್ನು ಮುಚ್ಚುವುದಾಗಿ ಘೋಷಿಸಿತು. 2001ರಲ್ಲಿ ಮಾಲ್ ಕೂಡ ಮುಚ್ಚಿತು.

ಇಲ್ಲೇ ಮಾಲ್‌ಗೂ ಪೇಟೆಗೂ ಇರುವ ವ್ಯತ್ಯಾಸ ಕಾಣುತ್ತದೆ. ಪೇಟೆಯಲ್ಲಿ ಒಂದು ಅಂಗಡಿ ಮುಚ್ಚಿದರೆ ಪಕ್ಕದ ಅಂಗಡಿ ನಡೆಯುತ್ತಲೇ ಇರುತ್ತದೆ. ಖಾಲಿ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಮಾಲ್‌ನಲ್ಲಿ ಎಲ್ಲವೂ ಒಂದೇ ಚಾವಣಿಯಡಿ, ಒಂದೇ ಆಡಳಿತದಡಿ. ಹಾಗಾಗಿ ಎಲ್ಲವೂ ಒಟ್ಟಿಗೇ ಸೊರಗುತ್ತವೆ.

ಮಿಶ್ರ ಬಳಕೆ ಎಂದರೇನು?

ಲೇಕ್‌ವುಡ್ ಮತ್ತೊಂದು ಮಾಲ್ ಕಟ್ಟುವ ಬದಲು ಆ ಜಾಗದಲ್ಲಿ ಮಿಶ್ರ ಬಳಕೆಯ ಬಡಾವಣೆ ಮಾಡಲು ಹೊರಟಿತು. ಹೆಸರು ಹೊಸದೆನಿಸಿದರೂ ವಿಷಯ ನಮಗೆ ಹೊಸದಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಪೇಟೆ ಬೀದಿ ಮಿಶ್ರ ಬಳಕೆಯೇ. ನಮ್ಮ ಅನೇಕ ಊರುಗಳಲ್ಲಿ ಮಸೀದಿಯ ಕೆಳಗೆ ಅಂಗಡಿ ಸಾಲು ಇರುತ್ತದೆ. ಆ ಬಾಡಿಗೆಯಿಂದ ಮಸೀದಿಯ ಖರ್ಚು, ಮದರಸದ ಖರ್ಚು ಸಾಗುತ್ತದೆ. ಇಸ್ತಾಂಬುಲ್‌ನ ಪ್ರಸಿದ್ಧ ದೊಡ್ಡ ಬಜಾರ್ ಕೂಡ ಹೀಗೇ 15ನೇ ಶತಮಾನದಲ್ಲಿ ವಕ್ಫ್ ಆದಾಯಕ್ಕಾಗಿ ಆರಂಭವಾದದ್ದು. ವ್ಯಾಪಾರ, ವಾಸ, ಪ್ರಾರ್ಥನೆ, ಓದು ಇವೆಲ್ಲ ಅಕ್ಕಪಕ್ಕ ಇದ್ದರೆ ಬೀದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಜನರಿರುತ್ತಾರೆ. ಒಂದರ ಆದಾಯ ಇನ್ನೊಂದಕ್ಕೆ ಆಸರೆಯಾಗುತ್ತದೆ.

ಕೆಲಸ ನಡೆದದ್ದು ಹೇಗೆ?

ಮೊದಲ ತೊಡಕು ಒಡೆತನದ್ದು. ಜಮೀನು ಒಬ್ಬರದು, ಕಟ್ಟಡದ ಹಕ್ಕು ಇನ್ನೊಬ್ಬರದು, ದೊಡ್ಡ ಮಳಿಗೆಗಳ ಗುತ್ತಿಗೆ ಬೇರೆ. ಇವನ್ನೆಲ್ಲ ಒಂದೆಡೆ ತರದೆ ಒಂದು ಇಟ್ಟಿಗೆ ತೆಗೆಯಲೂ ಆಗುತ್ತಿರಲಿಲ್ಲ. ನಗರಾಡಳಿತ ಮತ್ತು ಕಂಟಿನಮ್ ಪಾರ್ಟ್‌ನರ್ಸ್ ಎಂಬ ಡೆನ್ವರ್‌ನ ಕಂಪನಿ ಜೊತೆಯಾಗಿ ಈ ಕೆಲಸಕ್ಕೆ ಇಳಿದವು.

ಎರಡನೆಯದು ವಿಜ್ಞಾನ ವಿಭಾಗದವರಿಗೆ ಆಸಕ್ತಿ ಹುಟ್ಟಿಸುವ ವಿಷಯ. ಮಾಲ್‌ನಲ್ಲಿದ್ದ ಡ್ರೈಕ್ಲೀನಿಂಗ್ ಅಂಗಡಿಯ ರಾಸಾಯನಿಕ ಮಣ್ಣಿಗೆ, ಅಂತರ್ಜಲಕ್ಕೆ ಇಳಿದಿತ್ತು. ಡ್ರೈಕ್ಲೀನಿಂಗ್‌ಗೆ ಸಾಮಾನ್ಯವಾಗಿ ಬಳಸುವ ಪರ್‌ಕ್ಲೋರೋಎಥಿಲೀನ್ ನೀರಿಗಿಂತ ಭಾರ. ಅದು ಕೆಳಕ್ಕಿಳಿದು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಮನೆ ಕಟ್ಟುವ ಮುಂಚೆ ಅದನ್ನು ಶುಚಿಗೊಳಿಸಬೇಕಾಯಿತು. ಕೆಡವಿದ ಮಾಲ್‌ನ ಕಾಂಕ್ರೀಟನ್ನು ಪುಡಿಮಾಡಿ ಮರುಬಳಕೆ ಮಾಡಿದರು.

ಆಮೇಲೆ ಸುಮಾರು 100 ಎಕರೆ ಜಾಗಕ್ಕೆ ಅಡ್ಡ-ಉದ್ದ ಬೀದಿಗಳನ್ನು ಹಾಕಿ ಸುಮಾರು 22 ಬ್ಲಾಕ್‌ಗಳಾಗಿ ವಿಂಗಡಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಜೀವ ಇದೇ. ಕಟ್ಟಡ ಐವತ್ತು ವರ್ಷಕ್ಕೆ ಹಳತಾಗಬಹುದು, ಆದರೆ ಬೀದಿ ಉಳಿಯುತ್ತದೆ. ನಾಳೆ ಒಂದು ಬ್ಲಾಕ್ ಹಾಳಾದರೆ ಅದೊಂದನ್ನೇ ಸರಿಪಡಿಸಿದರೆ ಸಾಕು. ಬೆಲ್ಮಾರ್ ಎಂಬ ಹೆಸರಿನ ಈ ಬಡಾವಣೆಯ ಮೊದಲ ಹಂತ 2004ರಲ್ಲಿ ತೆರೆಯಿತು. ಕೆಳಗೆ ಅಂಗಡಿ, ಮೇಲೆ ಮನೆ ಅಥವಾ ಕಚೇರಿ, ಸಿನಿಮಾ ಮಂದಿರ, ಚಳಿಗಾಲದಲ್ಲಿ ಮಂಜಿನ ಮೇಲೆ ಜಾರಾಡುವ ಅಂಗಳ ಎಲ್ಲವೂ ಬಂದವು. ಸಾವಿರಕ್ಕೂ ಹೆಚ್ಚು ಮನೆಗಳಿಗೆ ಯೋಜನೆ ಹಾಕಲಾಗಿತ್ತು. ಕಾರುಗಳ ಬಯಲಿನ ಬದಲು ಬಹುಮಹಡಿ ಪಾರ್ಕಿಂಗ್ ಕಟ್ಟಡಗಳಾದವು. ಅವುಗಳ ಮೇಲೆ ಸೌರಫಲಕಗಳನ್ನೂ ಹಾಕಿದರು.

ಹಣ ಎಲ್ಲಿಂದ ಬಂತು?

ರಸ್ತೆ, ಚರಂಡಿ, ಪಾರ್ಕಿಂಗ್ ಕಟ್ಟಲು ಹಣ ಮೊದಲೇ ಬೇಕು. ಅದರಿಂದ ತೆರಿಗೆ ಬರುವುದು ಆಮೇಲೆ. ಇದಕ್ಕೆ ಅಮೆರಿಕದ ನಗರಗಳು ತೆರಿಗೆಯ ಹೆಚ್ಚಳವನ್ನೇ ಆಧಾರವಾಗಿಟ್ಟುಕೊಂಡು ಸಾಲ ಎತ್ತುತ್ತವೆ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಹಾಳುಬಿದ್ದ ಜಾಗದಿಂದ ವರ್ಷಕ್ಕೆ 10 ರೂಪಾಯಿ ತೆರಿಗೆ ಬರುತ್ತಿದೆ ಎನ್ನೋಣ. ಹೊಸದು ಕಟ್ಟಿದ ಮೇಲೆ 30 ರೂಪಾಯಿ ಬಂದರೆ, ಮೊದಲಿನ 10 ರೂಪಾಯಿ ಎಂದಿನಂತೆ ಖಜಾನೆಗೆ. ಹೆಚ್ಚಾದ 20 ರೂಪಾಯಿ ನಿಗದಿತ ವರ್ಷಗಳವರೆಗೆ ಆ ಜಾಗದ ಸಾಲ ತೀರಿಸಲು. ಬೆಲ್ಮಾರ್‌ನಲ್ಲಿ ಇದರ ಜೊತೆಗೆ ಗ್ರಾಹಕರ ಬಿಲ್ಲಿನ ಮೇಲೆ ಸಾರ್ವಜನಿಕ ಸುಧಾರಣಾ ಶುಲ್ಕವೂ ಇದೆ.

ಲೆಕ್ಕ ಚೆಂದವೇ. ಆದರೆ ಅಪಾಯವೂ ಇದೆ. ಅಂದುಕೊಂಡ 30 ರೂಪಾಯಿ ಬರದಿದ್ದರೆ ಸಾಲದ ಕಂತಿಗೆ ಕೊರತೆ ಬೀಳುತ್ತದೆ. ಬಂದರೂ ಅಷ್ಟು ವರ್ಷ ಆ ಹೆಚ್ಚಳ ಊರಿನ ಬೇರೆ ಭಾಗಗಳಿಗೆ ಸಿಗುವುದಿಲ್ಲ. ಲಾಭದ ಭರವಸೆ ಕೊಟ್ಟವರು ಯಾರು, ನಷ್ಟ ಹೊರುವವರು ಯಾರು ಎಂದು ಒಪ್ಪಂದದಲ್ಲೇ ಓದಿ ತಿಳಿಯಬೇಕು.

ಉಳಿಯುವವರು ಯಾರು?

ಹಳೆಯ ಮಾಲ್ ಸೊರಗಿದಾಗ ಅಲ್ಲಿ ಬಾಡಿಗೆ ಇಳಿಯುತ್ತದೆ. ಆಗ ಬಂಡವಾಳ ಕಡಿಮೆಯಿರುವವರು ಬರುತ್ತಾರೆ. ಅಮೆರಿಕದ ಅನೇಕ ಕಡೆ ವಲಸೆ ಬಂದವರ ಕಿರಾಣಿ ಅಂಗಡಿ, ಟೈಲರ್ ಅಂಗಡಿ, ಹಲಾಲ್ ಹೋಟೆಲ್‌ಗಳು ನಡೆಯುವುದು ಇಂಥ ಅಗ್ಗದ ಜಾಗಗಳಲ್ಲೇ. ಮಿನಿಯಾಪೊಲಿಸ್‌ನ ಕಾರ್ಮೆಲ್ ಮಾಲ್ ಇದಕ್ಕೆ ಹತ್ತಿರದ ಉದಾಹರಣೆ. ಹಳೆಯ ಯಂತ್ರಾಗಾರದ ಕಟ್ಟಡವೊಂದರಲ್ಲಿ ಶುರುವಾದ ಅದರಲ್ಲಿ ಸೊಮಾಲಿ ಮೂಲದವರ ಪುಟ್ಟ ಅಂಗಡಿಗಳು ತುಂಬಿವೆ, ಒಳಗೆ ಮಸೀದಿಯೂ ಇದೆ. ಹೊಳೆಯುವ ಹೊಸ ಕಟ್ಟಡದ ಬಾಡಿಗೆಯನ್ನು ಇಂಥ ವ್ಯಾಪಾರಿಗಳು ತೆರಲಾರರು. ಹಳೆಯ ಮಾಲ್ ಹೋದ ಮೇಲೆ ಬಂದದ್ದು ಸುಂದರವೇ ಆಗಿರಬಹುದು, ಆದರೆ ಅದು ಮೊದಲಿದ್ದವರ ಪಾಲಿಗೆ ಬಂತೇ ಎಂಬುದು ಬೇರೆ ಪ್ರಶ್ನೆ. ನಗರಾಡಳಿತ ಹಣ ಹಾಕುವಾಗಲೇ ಕೆಲವು ಮನೆಗಳಿಗೆ, ಕೆಲವು ಅಂಗಡಿಗಳಿಗೆ ಕಡಿಮೆ ಬಾಡಿಗೆಯ ಷರತ್ತು ಹಾಕಬಹುದು. ಕಟ್ಟಿ ಮುಗಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ನಮ್ಮ ಊರುಗಳಲ್ಲೂ ಹಳೆಯ ಮಾರುಕಟ್ಟೆ ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟುವ ಯೋಜನೆಗಳು ಬರುತ್ತವೆ. ನೀಲನಕ್ಷೆಯ ಬಣ್ಣದ ಚಿತ್ರ ಪತ್ರಿಕೆಯಲ್ಲಿ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ಸರಳ. ಈಗ ಅಲ್ಲಿ ಕೂತು ವ್ಯಾಪಾರ ಮಾಡುವವರ ಪಟ್ಟಿ ಇದೆಯೇ? ಅವರಿಗೆ ಹೊಸದರಲ್ಲಿ ಯಾವ ಬಾಡಿಗೆಗೆ, ಯಾವಾಗ ಜಾಗ ಸಿಗುತ್ತದೆ? ಸಾಲ ತೀರಿಸುವವರು ಯಾರು? ಅಂಗಡಿ ಮುಚ್ಚಿದ ಮೇಲೂ ಅಲ್ಲಿ ಜನ ಓಡಾಡುತ್ತಾರೆಯೇ? ವಾಣಿಜ್ಯ ಓದುವ ನಮಗೆ ಲಾಭ-ನಷ್ಟದ ಪಟ್ಟಿ ಬರೆಯಲು ಬರುತ್ತದೆ. ಅದರಲ್ಲಿ ತರಕಾರಿ ಬುಟ್ಟಿಯ ಮುಂದೆ ಕೂತವರ ಹೆಸರೂ ಇರಲಿ.