ಎಷ್ಟು ಜಿಬಿ ಎಂದು ಕೇಳುವ ಮೊದಲು

ಎಂಜಿನಿಯರಿಂಗ್ ಸೀಟು ಸಿಕ್ಕ ಮನೆಯಲ್ಲಿ ಮುಂದಿನ ಚರ್ಚೆ ಲ್ಯಾಪ್‌ಟಾಪಿನದು. ಭಾಲ್ಕಿ, ಔರಾದ್‌ಗಳಿಂದ ಬೀದರಿಗೆ ಬಂದು ನೋಡುವವರಿದ್ದಾರೆ. ಇಲ್ಲಿ ಮನಸ್ಸಿಗೆ ಬಾರದಿದ್ದರೆ ಹೈದರಾಬಾದಿನ ಬಸ್ಸು ಹತ್ತುವವರೂ ಇದ್ದಾರೆ. ಓದಿನ ನಡುವೆ ಒಂದಿಷ್ಟು ಆಟವೂ ನಡೆಯಬೇಕೆಂಬ ಮಗನ ಆಸೆ, ಅವನು ಬಾಯಿ ಬಿಡದಿದ್ದರೂ ಅಪ್ಪನಿಗೆ ಗೊತ್ತು. ಅಂಗಡಿಯಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಗ್ರಾಫಿಕ್ಸ್ ಕಾರ್ಡ್ ಎಷ್ಟ್ ಜಿಬಿದು ಅದರಿ?” ಆ ಸಂಖ್ಯೆ ಹೇಳುವುದು ಗೋದಾಮಿನ ಗಾತ್ರವನ್ನು ಮಾತ್ರ. ಸರಕು ಎಷ್ಟು ಬೇಗ ಹೊರಬರುತ್ತದೆ ಎಂಬುದು ಬೇರೆಯೇ ಲೆಕ್ಕ.

ಸಾಮಾನ್ಯ ಲ್ಯಾಪ್‌ಟಾಪ್ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಗೆ 1080 ಚುಕ್ಕಿಗಳು. ಒಟ್ಟು 20 ಲಕ್ಷಕ್ಕೂ ಹೆಚ್ಚು. ಆಟ ತಡವರಿಸದೆ ಸಾಗಲು ಸೆಕೆಂಡಿಗೆ 60 ಚಿತ್ರ ಬೇಕೆಂದರೆ, 12 ಕೋಟಿಗೂ ಮೀರಿದ ಚುಕ್ಕಿಗಳಿಗೆ ಪ್ರತಿ ಸೆಕೆಂಡೂ ಬಣ್ಣ ಗೊತ್ತುಮಾಡಬೇಕು. ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಬೆರಳೆಣಿಕೆಯ ಕೋರ್‌ಗಳಿರುವ ಪ್ರೊಸೆಸರ್ ಒಂದೇ ಇದನ್ನು ಹೊರಲಾರದು. ಗ್ರಾಫಿಕ್ಸ್ ಚಿಪ್ಪಿನಲ್ಲಿ ಸಾವಿರಾರು ಪುಟ್ಟ ಕೋರ್‌ಗಳು ಕೆಲಸ ಹಂಚಿಕೊಂಡು ಏಕಕಾಲಕ್ಕೆ ಮುಗಿಸುತ್ತವೆ. ಆದರೆ ಅವಕ್ಕೆ ಬೇಕಾದ ಮಾಹಿತಿ ಮೆಮೊರಿಯಿಂದ ಬರುತ್ತಲೇ ಇರಬೇಕು.

ಬೀದರಿನವರಿಗೆ ಇದನ್ನು ವಿವರಿಸಲು ನೌಬಾದಿನ ಸುರಂಗ ಬಾವಿ ಸಾಕು. ಬಹಮನಿ ಕಾಲದ ಆ ಕಾರೇಜ್, ಅಂತರ್ಜಲವನ್ನು ನೆಲದಡಿಯ ಇಳಿಜಾರಿನಲ್ಲಿ ಹರಿಸಿ ತರಲು ಕೊರೆದದ್ದು. ತುದಿಯಲ್ಲಿ ಕೊಡ ಹಿಡಿದು ಎಷ್ಟೇ ಜನ ನಿಂತಿರಲಿ, ಸಿಗುವುದು ಸುರಂಗ ಹರಿಸಿದಷ್ಟೇ ನೀರು. ಎನ್‌ವಿಡಿಯಾದ ಆರ್‌ಟಿಎಕ್ಸ್ 2050 ಮತ್ತು ಲ್ಯಾಪ್‌ಟಾಪಿನ 4 ಜಿಬಿಯ 3050 ಎರಡರಲ್ಲೂ ಕೋರ್‌ಗಳು 2048. ಇಬ್ಬರ ಕೈಯಲ್ಲೂ ಅಷ್ಟೇ ಕೊಡ. ಜಿಬಿಯೂ ಒಂದೇ ಆದರೂ ಮೊದಲನೆಯದರ ಮೆಮೊರಿ ದಾರಿ 64 ಬಿಟ್ ಅಗಲ, ಎರಡನೆಯದರದು 128. ಹರಿವು ಸೆಕೆಂಡಿಗೆ 112 ಜಿಬಿ ಮತ್ತು 192 ಜಿಬಿ. ಡಬ್ಬಿಯ ಮೇಲೆ ‘4 ಜಿಬಿ’ ಎಂದಷ್ಟೇ ಬರೆದಿದ್ದರೆ ಈ ಅಂತರ ಕಣ್ಣಿಗೆ ಬೀಳುವುದಿಲ್ಲ.

ಜಿಬಿಗೆ ಬೆಲೆಯೇ ಇಲ್ಲವೆಂದಲ್ಲ. ಹೊಸ ಭಾರೀ ಆಟಗಳು 4 ಜಿಬಿಯನ್ನು ತುಂಬಿಬಿಡುತ್ತವೆ. ಮಿಕ್ಕಿದ್ದನ್ನು ದೂರದ ರ‍್ಯಾಮ್‌ನಿಂದ ತರಬೇಕಾಗಿ ಆಟ ಮುಗ್ಗರಿಸುತ್ತದೆ. ಅಂಥ ಆಟಗಳೇ ಬೇಕೆನ್ನುವವರಿಗೆ 6 ಜಿಬಿಯ 4050 ಮೇಲು.

ದಾರಿಯ ಅಗಲದ ನಂತರ ಕೇಳಬೇಕಾದದ್ದು ವ್ಯಾಟ್. ಒಂದೇ 3050 ಚಿಪ್ಪನ್ನು ತಯಾರಕರು 35ರಿಂದ 80 ವ್ಯಾಟ್‌ವರೆಗೆ ಯಾವ ಮಿತಿಗಾದರೂ ಕಟ್ಟಬಹುದು. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಕಡಿಮೆ, ದಪ್ಪನೆಯದರಲ್ಲಿ ಹೆಚ್ಚು. ಹೆಸರು ಒಂದೇ, ದುಡಿಮೆ ಬೇರೆ. ಒಳಹೋದ ವ್ಯಾಟ್ ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ಹೊರಬರಬೇಕು. 25 ಡಿಗ್ರಿಯ ಕೋಣೆಯಲ್ಲಿ 70 ಮುಟ್ಟುವ ಚಿಪ್ಪು, ಅದೇ ಕೆಲಸಕ್ಕೆ 40 ಡಿಗ್ರಿಯ ಕೋಣೆಯಲ್ಲಿ 85ರ ಹತ್ತಿರ ಹೋಗುತ್ತದೆ. ಆಗ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ತಂಪು ಕೋಣೆಯಲ್ಲಿ ಮಾಡಿದ ಪರೀಕ್ಷೆಯ ಅಂಕಿಗಳು ನಮ್ಮ ಮೇ ತಿಂಗಳಿಗೆ ಒಗ್ಗದಿರುವುದು ಇದರಿಂದಲೇ. ಕೊಳಾರದ ಕೈಗಾರಿಕಾ ಪ್ರದೇಶದಂಥ, ಲಾರಿ ಓಡಾಡುವ ಕಡೆ ಮನೆಯಿದ್ದರೆ ಫ್ಯಾನಿಗೆ ಕಟ್ಟುವ ಧೂಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಸಿಗೆಯ ಮೇಲಿಟ್ಟು ಆಡುವ ಬದಲು ಮೇಜಿನ ಮೇಲೆ ಹಿಂಬದಿ ಕೊಂಚ ಎತ್ತರಿಸಿಟ್ಟರೆ ಖರ್ಚಿಲ್ಲದೆ ಗಾಳಿ ಆಡುತ್ತದೆ. ಕರೆಂಟು ಹೋದರಂತೂ ಬ್ಯಾಟರಿ ಇಷ್ಟು ವ್ಯಾಟ್ ಬಹಳ ಹೊತ್ತು ಕೊಡಲಾರದು. 50 ವ್ಯಾಟ್-ಗಂಟೆಯ ಬ್ಯಾಟರಿಯಿಂದ ಒಟ್ಟು 75 ವ್ಯಾಟ್ ಎಳೆದರೆ 40 ನಿಮಿಷಕ್ಕೆ ಖಾಲಿ.

ಇನ್ನು ಪ್ರತ್ಯೇಕ ಕಾರ್ಡ್ ಬೇಕೇ ಬೇಕೆ? ವಾಲೊರೆಂಟ್ ಆಟದ ಕನಿಷ್ಠ ಅಗತ್ಯದಲ್ಲಿ 2012ರ ಇಂಟೆಲ್ ಎಚ್‌ಡಿ 4000 ಕೂಡ ಸೇರಿತ್ತು. ಪ್ರೊಸೆಸರಿನೊಳಗೇ ಇರುವ ಇಂದಿನ ಗ್ರಾಫಿಕ್ಸ್ ಅದಕ್ಕಿಂತ ಬಹಳ ಮುಂದಿದೆ. ಆದರೆ ಅದು ರ‍್ಯಾಮ್‌ನ ದಾರಿಯನ್ನೇ ನಂಬಿ ಬದುಕುತ್ತದೆ. 3200 ವೇಗದ ಡಿಡಿಆರ್4 ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಹರಿವು ಸೆಕೆಂಡಿಗೆ 25.6 ಜಿಬಿ, ಜೋಡಿ ಇದ್ದರೆ 51.2. ಇಂಟೆಲಿನ ಐರಿಸ್ ಎಕ್ಸ್‌ಇ ಚಿಪ್ಪು ಒಂಟಿ ಕಡ್ಡಿಯ ಯಂತ್ರದಲ್ಲಿ ಆ ಹೆಸರನ್ನೇ ಕಳೆದುಕೊಂಡು ಬರಿಯ ‘ಯುಎಚ್‌ಡಿ’ ಎಂದು ತೋರಿಸಿಕೊಳ್ಳುತ್ತದೆ.

ಕೊಳ್ಳುವಾಗ ನೆನಪಿಡಬೇಕಾದ ವ್ಯತ್ಯಾಸವೂ ಇಲ್ಲೇ ಇದೆ. ಇಂಥ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪು ಬೋರ್ಡಿಗೆ ಬೆಸೆದದ್ದು, ನಾಳೆ ಬದಲಿಸಲಾಗದು. ರ‍್ಯಾಮ್‌ಗೆ ಖಾಲಿ ಜಾಗ ಇದ್ದರೆ ಮುಂದೆಯೂ ಸೇರಿಸಬಹುದು. ಆದ್ದರಿಂದ ಭಾರೀ ಆಟದವರು ಹಣವನ್ನು ಚಿಪ್ಪಿಗೆ, ಅದರ ವ್ಯಾಟಿಗೆ ಹಾಕಲಿ. ವಾಲೊರೆಂಟ್, ಮೈನ್‌ಕ್ರಾಫ್ಟ್‌ನಲ್ಲೇ ತೃಪ್ತಿಯಾದರೆ ಕಾರ್ಡ್ ಬಿಟ್ಟು, ರ‍್ಯಾಮ್ ಜಾಗ ಖಾಲಿಯಿರುವ ಯಂತ್ರ ಹುಡುಕಿ ಎರಡನೆಯ ಕಡ್ಡಿ ಹಾಕಿಸಿ. ಉಳಿದ ಹಣ ಹಾಸ್ಟೆಲ್ ಫೀಸಿಗಾಯಿತು.