ಎಕ್ಸ್-ರೇ ಕಲಿಯಲಿ ನಮ್ಮ ಹೆಣ್ಣುಮಕ್ಕಳು



“ಸಿಸ್ಟರ್, ಎಕ್ಸ್-ರೇ ಕೆಲಸಕ್ಕೆ ಹೋದ್ರೆ ಹುಡುಗಿಗೆ ಮುಂದೆ ಮಕ್ಕಳಾಗ್ತಾವೇನ್ರಿ?” ದೇವದುರ್ಗ, ಮಾನ್ವಿಯ ಸಂಘಗಳಲ್ಲಿ ತಾಯಂದಿರು ನಮ್ಮನ್ನು ಕೇಳುತ್ತಾರೆ. ನಿಯಮ ಪಾಲಿಸಿದರೆ ಭಯ ಬೇಡ. ಗುಂಡಿ ಒತ್ತಿದಾಗ ಮಾತ್ರ ಕಿರಣ ಹೊರಡುತ್ತದೆ; ಆಗ ಸಿಬ್ಬಂದಿ ಸೀಸದ ತಡೆಯ ಹಿಂದೆ ನಿಲ್ಲುತ್ತಾರೆ. ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಮೈಗೆ ತಗುಲಿದ ಕಿರಣದ ಲೆಕ್ಕ ಇಡುತ್ತದೆ. 3 ತಿಂಗಳಿಗೊಮ್ಮೆ ಅದರ ತಪಾಸಣೆ. ಗರ್ಭಿಣಿಯಾದರೆ ಕೂಡಲೇ ಮೇಲಧಿಕಾರಿಗೆ ತಿಳಿಸಬೇಕು.

ಪಿಯುಸಿ ವಿಜ್ಞಾನ ಓದಿದವರಿಗೆ ಇಮೇಜಿಂಗ್ ಬಿ.ಎಸ್ಸಿ. ಇದೆ; ಆಸ್ಪತ್ರೆ ತರಬೇತಿ ಸೇರಿ 4 ವರ್ಷ. ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಕಲಿಸುತ್ತಾರೆ. 2007ರಲ್ಲಿ ಶುರುವಾದ ರಾಯಚೂರಿನ ಸರ್ಕಾರಿ ರಿಮ್ಸ್‌ನಲ್ಲಿ ವಿಚಾರಿಸಿರಿ.

“ಆರೇ ತಿಂಗಳಿಗೆ ಸರ್ಟಿಫಿಕೇಟ್” ಎನ್ನುವವರಿಗೆ ಸಂಘದ ಸಾಲ ಎತ್ತಿ ಫೀಸು ಕಟ್ಟಬೇಡಿರಿ. ಮೊದಲು ಮೂರು ಮಾತು ಕೇಳಿರಿ: ಮಾನ್ಯತೆ ಇದೆಯೇ? ಯಾವ ಆಸ್ಪತ್ರೆಯಲ್ಲಿ ಕಲಿಸುತ್ತೀರಿ? ಬ್ಯಾಡ್ಜ್ ಕೊಡುತ್ತೀರಾ?